ಮಾನವಶಾಸ್ತ್ರದ ಮೊದಲ ಪದವಿಯೂ ರಾಂಪುರದ ಗ್ರಂಥವೂ

ಮಾನವಶಾಸ್ತ್ರವು ಪದವಿಯ ತರಗತಿಯಲ್ಲಿ ಕಲಿಸತಕ್ಕ ವಿಷಯವೇ, ಅಥವಾ ಬೇರೊಂದು ಶಾಸ್ತ್ರದಲ್ಲಿ ಪದವಿಯನ್ನು ಪಡೆದು ಬುದ್ಧಿ ಬಲಿತವರಿಗೆ ಮಾತ್ರ ಮೀಸಲಾದುದೇ ಎಂಬ ವಿವಾದವು ಹೆಚ್ಚುಕಡಿಮೆ ಆ ಶಾಸ್ತ್ರದಷ್ಟೇ ಹಳೆಯದು. 1871ರಲ್ಲಿ ‘ಪ್ರಿಮಿಟಿವ್ ಕಲ್ಚರ್’ ಎಂಬ ಗ್ರಂಥವನ್ನು ಪ್ರಕಟಿಸಿ ಈ ವಿದ್ಯೆಗೆ ತಳಹದಿಯನ್ನು ಹಾಕಿದ ಟೈಲರ್ ಮಹಾಶಯನು 1884ರಿಂದ ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಗಳನ್ನು ಕೊಡುತ್ತಿದ್ದರೂ, ಅದನ್ನು ಪದವಿ ಪರೀಕ್ಷೆಯ ವಿಷಯಗಳಲ್ಲಿ ಒಂದನ್ನಾಗಿ ಮಾಡಬೇಕೆಂಬ ಸೂಚನೆಯು 1895ರಲ್ಲಿ ಆ ವಿಶ್ವವಿದ್ಯಾನಿಲಯದ ಸಭೆಯಲ್ಲಿ ಸೋತಿತು. ಹತ್ತು ವರ್ಷಗಳ ಮೇಲೆ, 1905ರಲ್ಲಿ, ಒಂದು ಡಿಪ್ಲೊಮಾ ಏರ್ಪಟ್ಟಿತು. ಪದವಿಯ ತರಗತಿಗೆ ಈ ವಿಷಯವು ಅಲ್ಲಿ ಪ್ರವೇಶಿಸಿದುದು ಮತ್ತೂ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ. ಅದೂ ಬೇರೆ ವಿಷಯಗಳ ಕೈಹಿಡಿದುಕೊಂಡು. ತನ್ನ ಸಮಾಜವನ್ನೇ ಇನ್ನೂ ಕಣ್ಣುಬಿಟ್ಟು ನೋಡದ ಹದಿನೆಂಟು ವರ್ಷದ ತರುಣನಿಗೆ ಪರಸಮಾಜದ ಆಚಾರಗಳನ್ನು ಓದಿಸಿದರೆ ಅವನು ಕಲಿಯುವುದು ವಿಚಿತ್ರಗಳ ಪಟ್ಟಿಯನ್ನೇ ಹೊರತು ಶಾಸ್ತ್ರವನ್ನಲ್ಲ ಎಂಬುದು ಈ ವಿವಾದದಲ್ಲಿ ಮೇಲಿಂದ ಮೇಲೆ ಕೇಳಿಬರುವ ಆಕ್ಷೇಪ.

ಆಕ್ಷೇಪದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಅದು ಹುಟ್ಟಿದುದು ಓದುವವನು ಒಂದು ದಡದಲ್ಲಿಯೂ ವರ್ಣಿಸಲ್ಪಡುವವನು ಸಮುದ್ರದ ಆಚೆಯ ದಡದಲ್ಲಿಯೂ ಇದ್ದ ಕಾಲದಲ್ಲಿ. ಭಾರತದ ತರಗತಿಯಲ್ಲಿ, ಅದರಲ್ಲಿಯೂ ಕನ್ನಡ ನಾಡಿನ ತರಗತಿಯಲ್ಲಿ, ಸಂಗತಿಯೇ ಬೇರೆ. ಇಲ್ಲಿ ವರ್ಣಿಸಲ್ಪಟ್ಟವನ ಮೊಮ್ಮಗನೇ ಬೆಂಚಿನ ಮೇಲೆ ಕುಳಿತಿರುತ್ತಾನೆ. ಪಾಠ್ಯಗ್ರಂಥದ ಯಾವ ಪುಟದಲ್ಲಿ ತನ್ನ ಕುಲದ ಹೆಸರು ಬರುವುದೋ ಎಂದು ಅವನು ಕಾಯುತ್ತಿರುತ್ತಾನೆ. ಅದು ಬಂದಾಗ ಪಕ್ಕದವನು ತನ್ನ ಮುಖವನ್ನು ನೋಡುವನೆಂಬುದೂ ಅವನಿಗೆ ಗೊತ್ತು. ಈ ಪದವಿಗೆ ಯಾವ ಗ್ರಂಥವನ್ನು ಮೊದಲು ಓದಿಸಬೇಕೆಂಬ ಪ್ರಶ್ನೆಯು ಪಠ್ಯಸಮಿತಿಗಳ ಸೌಕರ್ಯಕ್ಕೆ ಬಿಟ್ಟುಕೊಡತಕ್ಕುದಲ್ಲ ಎಂಬುದಕ್ಕೆ ಇದೊಂದು ಕಾರಣವೇ ಸಾಕು. ಎಂ. ಎನ್. ಶ್ರೀನಿವಾಸರು 1976ರಲ್ಲಿ ಪ್ರಕಟಿಸಿದ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಇಂಗ್ಲಿಷ್ ಗ್ರಂಥವನ್ನು ಈ ದೃಷ್ಟಿಯಿಂದ ಪರೀಕ್ಷಿಸುವುದು ಉಚಿತ. ಮಾನವಶಾಸ್ತ್ರವನ್ನು ಕಲಿಸುವವರಿಗೆ ಅದು ಚಿರಪರಿಚಿತ. ಸಾಹಿತ್ಯವನ್ನು ಕಲಿಸುವವರು ಅದರ ಕಡೆಗೆ ಕೊಡಬೇಕಾದಷ್ಟು ಗಮನವನ್ನು ಕೊಟ್ಟಂತೆ ಕಾಣುವುದಿಲ್ಲ.

ಆ ಗ್ರಂಥದ ಬೆಲೆ ತಿಳಿಯಬೇಕಾದರೆ ಅದಕ್ಕಿಂತ ಹಿಂದೆ ಇದೇ ನಾಡಿನ ಜನರನ್ನು ಕುರಿತು ಯಾವ ಬಗೆಯ ಬರವಣಿಗೆ ನಡೆದಿದ್ದಿತೆಂಬುದನ್ನು ನೋಡಬೇಕು. 1901ರ ಜನಗಣತಿಯ ಅಧ್ಯಕ್ಷನಾಗಿದ್ದ ರಿಸ್ಲಿಯು, ಜಾತಿಯ ಅಂತಸ್ತಿಗೂ ಮೂಗಿನ ಅಗಲಕ್ಕೂ ಸಂಬಂಧವುಂಟೆಂದು, ಮೂಗು ಅಗಲವಾದಷ್ಟೂ ಅಂತಸ್ತು ಇಳಿಯುವುದೆಂದು ಸಾರಿದನು. ಈ ಸಿದ್ಧಾಂತವನ್ನು ಜಿ. ಎಸ್. ಘುರ್ಯೆಯವರು 1932ರ ತಮ್ಮ ಗ್ರಂಥದಲ್ಲಿ ಪರಿಶೀಲಿಸಿ, ಅದು ದೇಶದ ಎಲ್ಲ ಕಡೆಗೂ ಹೊಂದತಕ್ಕುದಲ್ಲವೆಂದು ತೋರಿಸಿಕೊಟ್ಟರು. ಮದರಾಸಿನ ವಸ್ತುಸಂಗ್ರಹಾಲಯದ ಥರ್ಸ್ಟನ್, ರಂಗಾಚಾರ್ಯರ ನೆರವಿನಿಂದ, 1909ರಲ್ಲಿ ದಕ್ಷಿಣ ದೇಶದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಏಳು ಸಂಪುಟಗಳಲ್ಲಿ ಅಕಾರಾದಿಯಾಗಿ ಜೋಡಿಸಿದನು. ಮೈಸೂರು ಸಂಸ್ಥಾನದಲ್ಲಿ ಈ ಕಾರ್ಯವನ್ನು ಕೈಗೊಂಡವರು ಎಚ್. ವಿ. ನಂಜುಂಡಯ್ಯನವರು. ಕನ್ನಡಿಗರಿಗೆ ಇವರ ಪರಿಚಯವನ್ನು ಮಾಡಿಕೊಡಬೇಕಾಗಿಲ್ಲ: 1915ರಲ್ಲಿ ಸ್ಥಾಪಿತವಾದ ಸಾಹಿತ್ಯ ಪರಿಷತ್ತಿಗೆ ಮೊದಲ ಅಧ್ಯಕ್ಷರು, 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಮೊದಲ ಉಪಾಧ್ಯಕ್ಷರು. ಅವರು ಜಾತಿಗೊಂದರಂತೆ ಪ್ರಕಟಿಸುತ್ತ ಬಂದ ಕಿರುಹೊತ್ತಗೆಗಳು, 1920ರಲ್ಲಿ ಅವರು ಕಾಲವಾದ ಮೇಲೆ, ಎಲ್. ಕೆ. ಅನಂತಕೃಷ್ಣ ಅಯ್ಯರವರ ಕೈಗೆ ಬಂದು ವಿಸ್ತಾರಗೊಂಡು, 1928ರಿಂದ 1935ರ ವರೆಗೆ ನಾಲ್ಕು ಸಂಪುಟಗಳಾಗಿ ಹೊರಬಿದ್ದವು. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರದ ಬೋಧನೆಯನ್ನು ನಿಲ್ಲಿಸಿ ಬೆಳೆಸಿದವರೂ ಈ ಅಯ್ಯರವರೇ.

ಈ ಸಂಪುಟಗಳ ಶ್ರಮವು ಅಪಾರವಾದುದು. ಅವುಗಳನ್ನು ಹಗುರಾಗಿ ನೋಡುವವರು ಅವುಗಳನ್ನು ತೆರೆದು ನೋಡಿರಲಾರರು. ಮರೆತುಹೋದ ಎಷ್ಟೋ ಬೆಡಗುಗಳ ಹೆಸರು, ಮದುವೆಯ ಶಾಸ್ತ್ರಗಳ ಕ್ರಮ, ಸೂತಕದ ದಿನಗಳ ಲೆಕ್ಕ ಇವೆಲ್ಲ ಅಲ್ಲಿ ಮಾತ್ರ ಉಳಿದಿವೆ. ಆದರೆ ಅವುಗಳ ರಚನೆಯ ಕಡೆಗೆ ಸಾಹಿತ್ಯದ ವಿದ್ಯಾರ್ಥಿಯು ಕಣ್ಣು ಹಾಯಿಸಿದನಾದರೆ ಒಂದು ವಿಷಯ ಕೂಡಲೇ ಹೊಳೆಯುವುದು. ಉತ್ಪತ್ತಿ, ಹೆರಿಗೆ, ವಿವಾಹ, ದಾಯಭಾಗ, ದೈವ, ಮರಣ, ಕಸುಬು, ಆಹಾರ ಎಂಬ ತಲೆಬರಹಗಳು ಒಂದು ಜಾತಿಯಿಂದ ಮತ್ತೊಂದಕ್ಕೆ ಅಚ್ಚು ಬದಲಾಗದೆ ಸಾಗುತ್ತವೆ. ವಾಕ್ಯಗಳಿಗೆ ಕರ್ತೃವಾಗಿರುವುದು ಯಾವಾಗಲೂ ಬಹುವಚನ: ಇವರು ಹೀಗೆ ಮಾಡುತ್ತಾರೆ, ಇವರು ಇದನ್ನು ತಿನ್ನುವುದಿಲ್ಲ. ಸಾವಿರಾರು ಪುಟಗಳಲ್ಲಿ ಹೆಸರಿನಿಂದ ಕರೆದರೆ ‘ಓ’ ಎನ್ನಬಲ್ಲ ಮನುಷ್ಯನು ಸಿಕ್ಕುವುದು ದುರ್ಲಭ. ಹತ್ತು ಮಂದಿ ಹಿರಿಯರನ್ನು ಕೇಳಿ ಪಡೆದ ಹತ್ತು ಬಗೆಯ ಉತ್ತರಗಳು ಒಂದೇ ವಾಕ್ಯವಾಗಿ ಕರಗಿಹೋದುದರಿಂದ, ಭಿನ್ನಾಭಿಪ್ರಾಯವೆಂಬುದು ಕೂಡ ಅಲ್ಲಿ ಉಳಿದಿಲ್ಲ. ಇದರಲ್ಲಿ ವಿಶೇಷವಾಗಿ ಯೋಚಿಸತಕ್ಕ ಸಂಗತಿಯೆಂದರೆ, ಕಾನೂನು ಅರ್ಥಶಾಸ್ತ್ರಗಳನ್ನು ಕುರಿತು ಕನ್ನಡದಲ್ಲಿ ಬರೆದ ನಂಜುಂಡಯ್ಯನವರೇ ಕನ್ನಡ ಜನರ ಆಚಾರಗಳನ್ನು ಇಂಗ್ಲಿಷಿನಲ್ಲಿ ಬರೆಯಬೇಕಾಯಿತು. ಆ ವರದಿಯನ್ನು ಓದತಕ್ಕವರು ಬೇರೆ ಇದ್ದರು.

ಇಂತಹ ಸಂಪುಟದ ಒಂದು ಪ್ರಕರಣವನ್ನು ಮೊದಲ ವರ್ಷದ ವಿದ್ಯಾರ್ಥಿಗೆ ಶಾಸ್ತ್ರದ ಮಾದರಿಯೆಂದು ಕೊಟ್ಟರೆ ಎರಡರಲ್ಲಿ ಒಂದು ನಡೆಯುವುದು. ವರ್ಣಿತವಾದ ಜಾತಿಯು ತನ್ನದಲ್ಲವಾದರೆ ಅವನು ಅದನ್ನು ನಂಬಿಬಿಡುತ್ತಾನೆ. ತನ್ನದಾದರೆ, ತನ್ನ ಮನೆಯಲ್ಲಿ ಹೀಗಿಲ್ಲವೆಂದು ಒಳಗೊಳಗೇ ನೊಂದು ಪುಸ್ತಕವನ್ನು ಮುಚ್ಚುತ್ತಾನೆ. ಎರಡೂ ವಿದ್ಯೆಗೆ ಮಾರಕ. ಪ್ರಯೋಗಶಾಲೆಯಲ್ಲಿ ತಲೆಬುರುಡೆಯನ್ನೂ ಮೂಗನ್ನೂ ಅಳೆಯುವ ಅಭ್ಯಾಸವು ಈ ಪದವಿಯ ಅಂಗವಾಗಿ ಇಂದಿಗೂ ಇರುವುದರಿಂದ, ಆ ಅಳತೆಗಳನ್ನು ಹಿಂದೆ ಯಾವುದಕ್ಕಾಗಿ ಬಳಸಿಕೊಂಡರು, ಆ ಬಳಕೆ ಎಲ್ಲಿ ತಪ್ಪಿತು ಎಂಬುದನ್ನು ಮೊದಲೇ ಹೇಳಿಕೊಡುವ ಹೊಣೆಯೂ ಅಧ್ಯಾಪಕನ ಮೇಲಿದೆ. ರಿಸ್ಲಿಯ ಕೋಷ್ಟಕವನ್ನೂ ಘುರ್ಯೆಯವರ ಖಂಡನೆಯನ್ನೂ ಒಂದೇ ದಿನ ಓದಿಸಬೇಕು. ಮೊದಲನೆಯದನ್ನು ಒಂದು ಪತ್ರಿಕೆಗೂ ಎರಡನೆಯದನ್ನು ಬೇರೊಂದು ಪತ್ರಿಕೆಗೂ ಹಂಚಿದರೆ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವುದು ಕೋಷ್ಟಕವೇ.

ಶ್ರೀನಿವಾಸರು ಬಂದುದು ಈ ಪರಂಪರೆಯೊಳಗಿಂದಲೇ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು 1936ರಲ್ಲಿ ಮಹಾರಾಜಾ ಕಾಲೇಜಿನಿಂದ ಸಾಮಾಜಿಕ ತತ್ತ್ವಶಾಸ್ತ್ರದ ಆನರ್ಸ್ ಪದವಿಯನ್ನು ಪಡೆದರು. ಪ್ರೊಫೆಸರ್ ಎ. ಆರ್. ವಾಡಿಯಾರವರ ಕಲ್ಪನೆಯಿಂದ ಮೂಡಿದ ಆ ಪಾಠಕ್ರಮದಲ್ಲಿ ತತ್ತ್ವ, ಸಮಾಜ, ರಾಜ್ಯ, ಮಾನವಶಾಸ್ತ್ರ ಎಲ್ಲವೂ ಒಂದೇ ಎಲೆಯ ಮೇಲೆ ಬಡಿಸಿದ ಊಟದಂತಿದ್ದವು. ಅತಿಯಾದ ಹರವು ಎಂದು ಇದನ್ನು ಟೀಕಿಸುವುದು ಸುಲಭ. ಆದರೆ ಮುಂದೆ ಸಮಾಜಶಾಸ್ತ್ರಕ್ಕೂ ಸಾಮಾಜಿಕ ಮಾನವಶಾಸ್ತ್ರಕ್ಕೂ ಭಾರತದಲ್ಲಿ ಗೋಡೆ ಹಾಕಲಾಗದೆಂದು ಜೀವಮಾನವೆಲ್ಲ ವಾದಿಸಿದ ವಿದ್ವಾಂಸರಿಗೆ ಮೊದಲ ಪದವಿಯೇ ಗೋಡೆಯಿಲ್ಲದ ಮನೆಯಾಗಿದ್ದುದು ಆಕಸ್ಮಿಕವಲ್ಲ. ಅನಂತರ ಅವರು ಮುಂಬಯಿಯಲ್ಲಿ ಘುರ್ಯೆಯವರ ಶಿಷ್ಯರಾದರು. 1942ರಲ್ಲಿ ‘ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್’ ಎಂಬ ಪುಸ್ತಕವನ್ನು ಹೊರತಂದರು. ಅದು ಬಹುಮಟ್ಟಿಗೆ ಹಳೆಯ ಮಾದರಿಯ ಗ್ರಂಥಾಧಾರಿತ ಸಂಗ್ರಹ. 1945ರಲ್ಲಿ ಆಕ್ಸ್‌ಫರ್ಡಿಗೆ ಹೋಗಿ ರ‍್ಯಾಡ್‌ಕ್ಲಿಫ್-ಬ್ರೌನ್, ಇವಾನ್ಸ್-ಪ್ರಿಚರ್ಡ್ ಇವರ ಬಳಿಯಲ್ಲಿ ಅಭ್ಯಾಸಮಾಡಿದ ಮೇಲೆ, ಕೊಡಗರ ಧರ್ಮವನ್ನು ಕುರಿತ ಪ್ರಬಂಧವು ಸಿದ್ಧವಾಗಿ 1952ರಲ್ಲಿ ಅಚ್ಚಾಯಿತು. ನಡುವೆ, 1948ರಲ್ಲಿ, ಮೈಸೂರಿಗೆ ಸಮೀಪದ ನೀರಾವರಿಯ ಹಳ್ಳಿಯೊಂದರಲ್ಲಿ ಅವರು ಸುಮಾರು ಹನ್ನೊಂದು ತಿಂಗಳು ನೆಲಸಿದ್ದರು. ಆ ಹಳ್ಳಿಗೆ ಅವರು ಇಟ್ಟ ಹೆಸರು ರಾಂಪುರ.

ಗ್ರಂಥವು ಹುಟ್ಟಿದ ಬಗೆಯನ್ನು ಶಾಸ್ತ್ರಜ್ಞರೆಲ್ಲರೂ ಬಲ್ಲರು. 1970ರ ಏಪ್ರಿಲ್ 24ರಂದು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರ ಅಭ್ಯಾಸಕೊಠಡಿಯಿದ್ದ ಕಟ್ಟಡಕ್ಕೆ ದುಷ್ಕರ್ಮಿಗಳು ಬೆಂಕಿಯಿಟ್ಟರು. ವರ್ಷಾನುಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅದರಲ್ಲಿ ಸುಟ್ಟುಹೋದವು. ನೆನಪಿನಿಂದಲೇ ಬರೆಯಬಹುದೆಂದು ಸೋಲ್ ಟ್ಯಾಕ್ಸ್ ಎಂಬ ಮಾನವಶಾಸ್ತ್ರಜ್ಞರು ಸೂಚಿಸಿದರು. ಗ್ರಂಥದ ಹೆಸರಿಗೆ ಇದೇ ಕಾರಣ. ಇಷ್ಟನ್ನು ಹೇಳಿ, ಬೆಂಕಿಯ ಕಥೆಯನ್ನು ಅಲ್ಲಿಗೇ ಬಿಡುವುದು ಲೇಸು; ತರಗತಿಗಳಲ್ಲಿ ಗ್ರಂಥಕ್ಕಿಂತ ಬೆಂಕಿಯೇ ಹೆಚ್ಚು ಪಾಠವಾಗುತ್ತಿರುವುದುಂಟು.

ಪದವಿಯ ವಿದ್ಯಾರ್ಥಿಗೆ ಈ ಗ್ರಂಥದ ಮೊದಲ ಉಪಕಾರವು ಕ್ಷೇತ್ರದ ಸ್ಥಿತಿಗತಿಯನ್ನು ಹೇಳುವ ಪ್ರಕರಣದಲ್ಲಿದೆ. ಹಳ್ಳಿಯ ಮುಖಂಡನಿಗೆ ಸೇರಿದ ಎತ್ತಿನ ಮನೆಯಲ್ಲಿ ಬಿಡಾರ. ಬರುವವರು ಹೋಗುವವರೆಲ್ಲ ಇಣುಕುವ ಸ್ಥಳ. ನೋಡಲು ಬಂದವನೇ ನೋಟಕ್ಕೆ ಗುರಿಯಾದನು. ಬ್ರಾಹ್ಮಣನಾದವನು ಬ್ರಾಹ್ಮಣನಂತೆ ನಡೆದುಕೊಳ್ಳಬೇಕೆಂದು ಊರವರು ನಿರೀಕ್ಷಿಸಿದರು. ಅವರ ನಿರೀಕ್ಷೆಗೆ ತಕ್ಕಂತೆ, ಪಟ್ಟಣದಲ್ಲಿ ತಾನು ಬಿಟ್ಟಿದ್ದ ನಿಯಮಗಳನ್ನು ಹಳ್ಳಿಯಲ್ಲಿ ವಿದ್ವಾಂಸನು ಮತ್ತೆ ಹಿಡಿಯಬೇಕಾಯಿತು. ಮಲಿನೋವ್‌ಸ್ಕಿಯು 1922ರ ತನ್ನ ಮಹಾಗ್ರಂಥದ ಪೀಠಿಕೆಯಲ್ಲಿ, ಜನರ ನಡುವೆ ಡೇರೆ ಹಾಕಿಕೊಂಡು ಅವರ ಭಾಷೆಯನ್ನು ಕಲಿತು ದಿನದಿನದ ಬಾಳಿನ ಸೂಕ್ಷ್ಮಗಳನ್ನು ಗುರುತಿಸಬೇಕೆಂದು ವಿಧಿಸಿದ್ದಾನೆ. ಆ ಪೀಠಿಕೆಯನ್ನು ಓದಿದ ತರುಣನಿಗೆ, ಕ್ಷೇತ್ರಕಾರ್ಯವೆಂದರೆ ದ್ವೀಪವೊಂದರಲ್ಲಿ ಏಕಾಕಿಯಾಗಿ ಇಳಿಯುವ ಸಾಹಸವೆಂದು ತೋರುವುದು ಸಹಜ. (1967ರಲ್ಲಿ ಪ್ರಕಟವಾದ ಅದೇ ಮಲಿನೋವ್‌ಸ್ಕಿಯ ದಿನಚರಿಯು ಆ ಸಾಹಸದ ಒಳಗಿನ ಬೇಸರವನ್ನೂ ಸಿಡುಕನ್ನೂ ಬಯಲುಮಾಡಿ ಭಕ್ತರನ್ನು ಕಂಗೆಡಿಸಿತು.) ರಾಂಪುರದ ಪ್ರಕರಣವನ್ನು ಓದಿದವನಿಗಾದರೋ, ವೀಕ್ಷಕನಿಗೂ ಒಂದು ಜಾತಿಯುಂಟು, ಒಂದು ಬಿಡಾರವುಂಟು, ಬಿಡಾರಕ್ಕೊಬ್ಬ ಯಜಮಾನನುಂಟು, ಅವನು ಕಾಣುವುದೆಲ್ಲ ಆ ಬಾಗಿಲಿನಿಂದ ಕಂಡುದೇ ಎಂಬುದು ಯಾರೂ ಹೇಳದೆ ತಿಳಿಯುವುದು. ನೂರು ಪುಟದ ವಿಧಾನಶಾಸ್ತ್ರವು ಇದನ್ನು ಇಷ್ಟು ಚೆನ್ನಾಗಿ ಕಲಿಸಲಾರದು.

ಎರಡನೆಯ ಉಪಕಾರವು ವ್ಯಕ್ತಿಚಿತ್ರಗಳದು. ಮುಖಂಡ, ನಾಡುಗೌಡ, ಕುಳ್ಳೇಗೌಡ ಎಂಬ ಮೂವರಿಗೆ ಗ್ರಂಥದಲ್ಲಿ ಒಂದು ಪ್ರಕರಣವೇ ಮೀಸಲಾಗಿದೆ. ಕೃಷಿಯ, ಜಾತಿಗಳ ಪರಸ್ಪರ ಸಂಬಂಧದ, ಪಕ್ಷಪಂಗಡಗಳ ವಿಚಾರ ಬರುವುದು ಈ ಮೂವರು ಓದುಗನ ಮನಸ್ಸಿನಲ್ಲಿ ಬೇರೂರಿದ ಮೇಲೆ. ಈ ಅನುಕ್ರಮವು ನಂಜುಂಡಯ್ಯ–ಅಯ್ಯರವರ ಅನುಕ್ರಮಕ್ಕೆ ನೇರ ವಿರುದ್ಧವಾದುದು. ಅಲ್ಲಿ ಜಾತಿಯಿಂದ ಮನುಷ್ಯನನ್ನು ಊಹಿಸಬೇಕು. ಇಲ್ಲಿ ಮನುಷ್ಯನ ಮೂಲಕ ಜಾತಿಯ ಬಲವನ್ನು ಕಾಣಬೇಕು. ಊರಿನ ಭೂಮಿಯ ಬಹುಭಾಗವನ್ನೂ ಸಂಖ್ಯಾಬಲವನ್ನೂ ಪಡೆದ ಒಕ್ಕಲಿಗರು ವರ್ಣದ ಏಣಿಯಲ್ಲಿ ಮೇಲಿನ ಮೆಟ್ಟಿಲಲ್ಲಿ ಇಲ್ಲದಿದ್ದರೂ ಊರಿನ ನ್ಯಾಯವು ಅವರ ಜಗಲಿಯಲ್ಲಿಯೇ ತೀರ್ಮಾನವಾಗುತ್ತಿದ್ದಿತೆಂಬ ಸಂಗತಿಯನ್ನು ಶ್ರೀನಿವಾಸರು ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯಾಗಿ 1950ರ ದಶಕದ ಲೇಖನಗಳಲ್ಲಿ ಮಂಡಿಸಿದ್ದರು. ಪರೀಕ್ಷೆಗಾಗಿ ಅದರ ಲಕ್ಷಣಗಳನ್ನು ಬಾಯಿಪಾಠ ಮಾಡಿದವನಿಗೆ ಅದು ಒಂದು ವ್ಯಾಖ್ಯೆ. ಮುಖಂಡನ ಗತ್ತನ್ನೂ, ಅವನ ಮೌನಕ್ಕೆ ಇತರರು ಅಂಜುವುದನ್ನೂ ಓದಿ ಬಂದವನಿಗೆ ಅದು ತಾನು ಊರಿನಲ್ಲಿ ಕಂಡ ಸಂಗತಿ.

ಸಾಮಾಜಿಕ ಸಂಬಂಧಗಳ ಗುಣವನ್ನು ವಿವರಿಸುವ ಪ್ರಕರಣವು ಗ್ರಂಥದ ಶಿಖರವೆನ್ನಬಹುದು. ಸ್ನೇಹ, ಹಗೆ, ಮಾನ, ಹೊಟ್ಟೆಕಿಚ್ಚು, ಹರಟೆ, ಹಾಸ್ಯ ಇವು ಶಾಸ್ತ್ರಗ್ರಂಥಗಳ ತಲೆಬರಹಗಳಲ್ಲಿ ಸೇರಬಲ್ಲವೆಂದು ನಂಜುಂಡಯ್ಯನವರ ತಲೆಮಾರಿಗೆ ತೋಚಿರಲಿಲ್ಲ. ಅಲ್ಲಿ ಬರುವ ‘ಮುಯ್ಯಿ’ ಎಂಬ ಮಾತನ್ನು ಕನ್ನಡ ಅಧ್ಯಾಪಕರು ವಿಶೇಷವಾಗಿ ಗಮನಿಸಬೇಕು. ಒಬ್ಬರ ಗದ್ದೆಯ ನಾಟಿಗೆ ಇನ್ನೊಬ್ಬರು ಆಳು ಕಳುಹಿಸಿ, ತಮ್ಮ ಸರದಿ ಬಂದಾಗ ಆಳನ್ನು ಪಡೆಯುವುದು ಮುಯ್ಯಿ. ಮದುವೆಯ ಮನೆಯಲ್ಲಿ ಕೊಟ್ಟು ತಮ್ಮ ಮನೆಯ ಮದುವೆಯಲ್ಲಿ ಮರಳಿ ಪಡೆಯುವುದು ಮುಯ್ಯಿ. ಅಪಕಾರಕ್ಕೆ ಅಪಕಾರವನ್ನು ಸಲ್ಲಿಸುವುದೂ ಮುಯ್ಯಿ ತೀರಿಸುವುದೇ. ಫ್ರೆಂಚ್ ವಿದ್ವಾಂಸನಾದ ಮಾರ್ಸೆಲ್ ಮೌಸ್ 1925ರಲ್ಲಿ, ಕೊಡುಗೆಯಲ್ಲಿ ಕೊಡುವ, ಕೊಳ್ಳುವ, ಮರಳಿ ಕೊಡುವ ಮೂರು ಕಟ್ಟುಪಾಡುಗಳುಂಟೆಂದೂ, ಕೊಡುಗೆಗೂ ಕಲಹಕ್ಕೂ ಅಂತರವು ಬಹಳ ಕಿರಿದೆಂದೂ ಪ್ರತಿಪಾದಿಸಿದನು. ಅದಕ್ಕೆ ಮೂರು ವರ್ಷ ಹಿಂದೆ ಮಲಿನೋವ್‌ಸ್ಕಿಯು, ಟ್ರೋಬ್ರಿಯಂಡ್ ದ್ವೀಪಗಳ ಸುತ್ತ ಕಂಠಹಾರಗಳು ಬಲಸುತ್ತಾಗಿಯೂ ಶಂಖದ ತೋಳ್ಬಳೆಗಳು ಎಡಸುತ್ತಾಗಿಯೂ ದೋಣಿಯಿಂದ ದೋಣಿಗೆ ಸಾಗುವ ‘ಕುಲಾ’ ಎಂಬ ವಿನಿಮಯವನ್ನು ವರ್ಣಿಸಿದ್ದನು. ಪದವಿಯ ತರಗತಿಗಳಲ್ಲಿ ಸಾಮಾನ್ಯವಾಗಿ ಪಾಠವು ಟ್ರೋಬ್ರಿಯಂಡಿನಿಂದ ಹೊರಟು ಪ್ಯಾರಿಸಿಗೆ ಬಂದು ಅಲ್ಲಿಯೇ ನಿಲ್ಲುತ್ತದೆ. ಉಪಕಾರ ಪ್ರತೀಕಾರಗಳೆರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ಭಾಷೆಯನ್ನಾಡುವ ವಿದ್ಯಾರ್ಥಿಗಳ ಮುಂದೆ ಹೀಗೆ ನಿಲ್ಲುವುದು ಬಹು ದೊಡ್ಡ ನಷ್ಟ.

ನಷ್ಟದ ಮಾತು ಬಂದುದರಿಂದ ಬಂಧುತ್ವದ ಪಾಠವನ್ನೂ ಇಲ್ಲಿಯೇ ನೋಡಬಹುದು. 1871ರಲ್ಲಿ ಮಾರ್ಗನ್ ಎಂಬ ಅಮೆರಿಕದ ವಕೀಲನು ಜಗತ್ತಿನ ಬಂಧುವಾಚಕ ಪದ್ಧತಿಗಳನ್ನು ಸಂಗ್ರಹಿಸಿ ಪ್ರಕಟಿಸಿದಾಗ ತಮಿಳು ತೆಲುಗುಗಳೊಡನೆ ಕನ್ನಡದ ಬಂಧುವಾಚಕಗಳೂ ಅವನ ಕೋಷ್ಟಕಗಳಲ್ಲಿ ಸೇರಿದ್ದವು. ಅಮೆರಿಕದ ಸೆನೆಕಾ ಜನರ ಪದ್ಧತಿಗೂ ದಕ್ಷಿಣ ಭಾರತದ ಪದ್ಧತಿಗೂ ಇರುವ ಹೋಲಿಕೆಯೇ ಅವನನ್ನು ಬೆರಗುಗೊಳಿಸಿದುದು. ಸೋದರಮಾವನೂ, ಸೋದರತ್ತೆಯ ಗಂಡನೂ, ಹೆಂಡತಿಯ ತಂದೆಯೂ ಒಂದೇ ‘ಮಾವ’ ಎಂಬ ಹೆಸರಿಗೆ ಏಕೆ ಸಲ್ಲುವರೆಂಬುದು ಇಂಗ್ಲಿಷ್ ಬಲ್ಲವನಿಗೆ ಕಗ್ಗಂಟು. ಸೋದರಿಕೆಯ ಮದುವೆಯ ಮನೆಯಲ್ಲಿ ಬೆಳೆದ ಕನ್ನಡದ ಹುಡುಗಿಗೆ ಅದು ದಿನದ ಮಾತು. ಅಕ್ಕನ ಮಗಳನ್ನು ತಂದುಕೊಂಡ ಮನೆಯಲ್ಲಿ ಸೊಸೆಗೆ ಅಜ್ಜಿಯೇ ಅತ್ತೆ, ತಾಯಿಯೇ ಗಂಡನ ಅಕ್ಕ. ಮಾರ್ಗನ್ನನ ಕೋಷ್ಟಕವನ್ನು ಇಂಗ್ಲಿಷಿನ ಸಂಕೇತಾಕ್ಷರಗಳಲ್ಲಿ ಕಲಿತು ‘ವರ್ಗೀಕೃತ ಬಂಧುತ್ವ’ವೆಂಬ ಮಾತನ್ನು ಬರೆದುಕೊಳ್ಳುವ ವಿದ್ಯಾರ್ಥಿನಿಗೆ, ಅದು ತನ್ನ ಅಡಿಗೆಮನೆಯ ವಿಚಾರವೆಂದು ಪದವಿ ಮುಗಿಯುವವರೆಗೂ ಹೊಳೆಯದಿದ್ದರೆ ತಪ್ಪು ಯಾರದು? ದೂರದ ಜನರನ್ನು ಓದಲೇಬಾರದೆಂದು ಇದರ ಅರ್ಥವಲ್ಲ. ಅಝಾಂಡೆ ಜನರ ಕಣಜವು ಗೆದ್ದಲು ಹಿಡಿದು ಬೀಳುವುದೆಂದು ಅವರು ಚೆನ್ನಾಗಿ ಬಲ್ಲರು. ಆದರೆ ಇವನೇ ಅದರ ನೆರಳಿನಲ್ಲಿ ಕುಳಿತಿದ್ದ ಗಳಿಗೆಯಲ್ಲಿಯೇ ಅದು ಏಕೆ ಬಿದ್ದಿತೆಂಬ ಪ್ರಶ್ನೆಗೆ ಮಾಟವೇ ಅವರ ಉತ್ತರವೆಂದು ಇವಾನ್ಸ್-ಪ್ರಿಚರ್ಡ್ 1937ರಲ್ಲಿ ತೋರಿಸಿದ ನಿದರ್ಶನವನ್ನು ಬಿಟ್ಟು ಈ ಪದವಿಯನ್ನು ಕೊಡಲಾಗದು. ಅದನ್ನು ಓದಿದ ಹುಡುಗನು ಮನೆಗೆ ಹೋಗಿ, ಗ್ರಹಚಾರವೆಂಬ ಮಾತನ್ನು ಹಿರಿಯರು ಎಲ್ಲೆಲ್ಲಿ ಬಳಸುವರೆಂದು ಕಿವಿಗೊಟ್ಟು ಕೇಳಿದನಾದರೆ ಪಾಠವು ಫಲಿಸಿದಂತೆ.

ಇನ್ನು ರಾಂಪುರದ ಗ್ರಂಥದ ದೋಷಗಳು. ದಲಿತರ ಕೇರಿ, ಗ್ರಂಥದ ಮಾತಿನಲ್ಲಿ ಹರಿಜನರ ಕೇರಿ, ಅದರಲ್ಲಿ ದೂರದಿಂದ ಕಾಣುವ ಸ್ಥಳವಾಗಿಯೇ ಉಳಿದಿದೆ. ಮುಖಂಡನ ಬಿಡಾರದಲ್ಲಿದ್ದ ಬ್ರಾಹ್ಮಣನಿಗೆ ಅಲ್ಲಿ ಸ್ವೇಚ್ಛೆಯಾಗಿ ಓಡಾಡುವುದು ಕಷ್ಟವಾಗಿದ್ದಿತು. ತಾನು ಕಂಡುದು ಮೇಲಿನವರ ಕಣ್ಣಿನಿಂದ ಕಂಡ ಹಳ್ಳಿಯೆಂಬುದನ್ನು ಗ್ರಂಥಕರ್ತರೇ ಮರೆಮಾಚದೆ ಹೇಳಿದ್ದಾರೆ. ಈ ಪ್ರಾಮಾಣಿಕತೆ ಮೆಚ್ಚತಕ್ಕುದು. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕೊರತೆಯು ತುಂಬಿತೆಂದು ಭಾವಿಸುವುದು ತಪ್ಪು. ಜೀತದಾಳಿನ, ತಲೆತಲಾಂತರದಿಂದ ಒಕ್ಕಲಿಗರ ಮನೆಗೆ ಊಳಿಗ ಮಾಡಿಕೊಂಡು ಬಂದ ‘ಹಳೆಯ ಮಕ್ಕಳ’ ಸಂಬಂಧವನ್ನು ವಿವರಿಸುವಾಗ ಯಜಮಾನನ ಕಡೆಯ ವಿಶ್ವಾಸದ ಮಾತು ಕೇಳಿಬರುವಷ್ಟು ಆಳಿನ ಕಡೆಯ ಮಾತು ಕೇಳುವುದಿಲ್ಲ. ಗ್ರಂಥದ ಒಟ್ಟು ಧ್ವನಿಯಲ್ಲಿ ಒಂದು ಸೌಮ್ಯತೆಯಿದೆ; ನೆನಪು ಹಳೆಯದಾದಂತೆ ಮೊನೆಗಳು ಮಾಸುವುದು ಸಹಜವೇ. ಆ ಸೌಮ್ಯತೆಯೇ ಸಾಹಿತ್ಯರಸಿಕರಿಗೆ ಪ್ರಿಯವಾದೀತು. ಆದರೆ ಆ ಕೇರಿಯಿಂದ ಬಂದ ವಿದ್ಯಾರ್ಥಿಯು ಈ ಪುಟಗಳನ್ನು ಓದಿ, ಊರೆಂದರೆ ಇಷ್ಟೇ ಏನು ಎಂದು ಕೇಳಿದರೆ, ಕ್ಷೇತ್ರದ ಸ್ಥಿತಿಗತಿಯ ಪ್ರಕರಣವನ್ನು ಮತ್ತೊಮ್ಮೆ ತೆರೆದು, ಬಿಡಾರವು ಕೇರಿಯಲ್ಲಿದ್ದಿದ್ದರೆ ಯಾವ ಪ್ರಕರಣಗಳು ಬೇರೆಯಾಗುತ್ತಿದ್ದವೆಂದು ಅವನೊಡನೆ ಕುಳಿತು ಎಣಿಸುವುದು ಅಧ್ಯಾಪಕನ ಕೆಲಸ. ಸ್ತ್ರೀಯರ ವಿಷಯದಲ್ಲಿಯೂ ಇದೇ ಕೊರತೆ. ಸ್ತ್ರೀಪುರುಷರನ್ನೂ ಮನೆವಾರ್ತೆಯನ್ನೂ ಕುರಿತ ಪ್ರಕರಣವೊಂದಿದ್ದರೂ ಅದರಲ್ಲಿ ಹೆಂಗಸರು ಗಂಡಸರ ಮಾತಿನ ಮೂಲಕವೇ ಹೆಚ್ಚಾಗಿ ಕಾಣಿಸಿಕೊಳ್ಳುತ್ತಾರೆ. ಅವಿವಾಹಿತನಾದ ತರುಣ ವಿದ್ವಾಂಸನಿಗೆ ಒಳಮನೆಯ ಬಾಗಿಲು ತೆರೆಯದುದು ಆಶ್ಚರ್ಯವಲ್ಲ. ಇರಾವತಿ ಕರ್ವೆಯವರು 1953ರಲ್ಲಿ ಪ್ರಕಟಿಸಿದ ಭಾರತೀಯ ಬಂಧುತ್ವದ ಗ್ರಂಥವನ್ನು ಇದರ ಪಕ್ಕದಲ್ಲಿಟ್ಟು ಓದಿಸುವುದರಿಂದ ಕೊರತೆಯು ಕೊಂಚ ತಗ್ಗುವುದು. ಉತ್ತರದಲ್ಲಿ ಮಗಳು ಪರರ ಊರಿಗೆ ಪರಕೀಯಳಾಗಿ ಹೋಗುವುದಕ್ಕೂ ದಕ್ಷಿಣದಲ್ಲಿ ಬಳಗದೊಳಗೇ ಉಳಿಯುವುದಕ್ಕೂ ಇರುವ ಭೇದವನ್ನು ಅವರು ತೋರಿಸಿರುವ ರೀತಿ ಮನೋಜ್ಞವಾಗಿದೆ.

ಮೂರನೆಯ ಕೊರತೆಯೊಂದುಂಟು, ಅದು ಭಾಷೆಗೆ ಸಂಬಂಧಪಟ್ಟುದಾದುದರಿಂದ ಶಾಸ್ತ್ರಜ್ಞರ ಕಣ್ಣಿಗೆ ಬೀಳುವುದು ವಿರಳ. ರಾಂಪುರದವರು ಆಡಿದ ಮಾತೆಲ್ಲವೂ ಕನ್ನಡ. ಗ್ರಂಥದಲ್ಲಿ ಅದು ಇಂಗ್ಲಿಷಾಗಿ ಬಂದಿದೆ. ಅಲ್ಲಲ್ಲಿ ಮಾತ್ರ ಒಂದೊಂದು ಕನ್ನಡ ಪದ ಉಳಿದಿದೆ. ಇದರಿಂದ ‘ನೀನು’, ‘ನೀವು’ ಎಂಬ ಭೇದ ಅಳಿಸಿಹೋಯಿತು. ಯಾರು ಯಾರನ್ನು ಏಕವಚನದಲ್ಲಿ ಕರೆದರು, ವಯಸ್ಸಿನಲ್ಲಿ ಹಿರಿಯನಾದ ಆಳು ಗೌಡನ ಮನೆಯ ಹುಡುಗನಿಗೆ ಯಾವ ವಚನವನ್ನು ಬಳಸಿದನು, ಹುಡುಗನು ಅವನಿಗೆ ಯಾವುದನ್ನು ತಿರುಗಿಸಿದನು ಎಂಬುದು ಜಾತಿಯ ಶ್ರೇಣಿಯನ್ನು ಯಾವ ಕೋಷ್ಟಕಕ್ಕಿಂತಲೂ ನಿಖರವಾಗಿ ಹೇಳಬಲ್ಲುದು. ದೇವರಲ್ಲಿ ಹೂವಿನ ಪ್ರಸಾದ ಕೇಳುವ ಪ್ರಸಂಗವು ಇದಕ್ಕೆ ಒಳ್ಳೆಯ ನಿದರ್ಶನ. ಹಿರಿಯರು ದೇವರೊಡನೆ ವಾದಿಸಿ, ಕೆಣಕಿ, ಗದರಿಸುವ ಆ ಭಾಗವು ಗ್ರಂಥದ ಅತ್ಯಂತ ಸಜೀವವಾದ ಪುಟಗಳಲ್ಲಿ ಸೇರಿದುದು. ಕನ್ನಡದಲ್ಲಿ ದೇವರಿಗೆ ಏಕವಚನವೇ ಸಲಿಗೆಯ ವಚನ. ಪಟೇಲನಿಗೆ ‘ನೀವು’ ಎನ್ನುವವನು ದೇವರಿಗೆ ‘ನೀನು’ ಎನ್ನುತ್ತಾನೆ. ಇಂಗ್ಲಿಷಿನ ಒಂದೇ ಸರ್ವನಾಮದಲ್ಲಿ ಪಟೇಲನೂ ದೇವರೂ ಸಮಾನರಾಗಿಬಿಟ್ಟರು. ಈ ಪುಟಗಳನ್ನು ಮತ್ತೆ ಕನ್ನಡಕ್ಕೆ ತರಲು ವಿದ್ಯಾರ್ಥಿಗಳಿಗೆ ಹೇಳಿ, ಪ್ರತಿಯೊಂದು ವಾಕ್ಯದಲ್ಲಿಯೂ ವಚನವನ್ನು ನಿರ್ಧರಿಸುವಂತೆ ಮಾಡಿದರೆ ಮಾನವಶಾಸ್ತ್ರದ ತರಗತಿಯೂ ಕನ್ನಡದ ತರಗತಿಯೂ ಒಂದು ಗಂಟೆಯ ಮಟ್ಟಿಗೆ ಒಂದಾಗುವುವು.

ಸಾಹಿತ್ಯದ ಅಧ್ಯಾಪಕರು ಈ ಗ್ರಂಥವನ್ನು ಕೈಗೆತ್ತಿಕೊಂಡಾಗ ಮಾಡಬಹುದಾದ ತಪ್ಪೊಂದಿದೆ. ವ್ಯಕ್ತಿಚಿತ್ರಗಳ ಸೊಬಗಿಗೆ ಮರುಳಾಗಿ ಅದನ್ನು ಕಾದಂಬರಿಯೆಂಬಂತೆ ಹೊಗಳುವುದೇ ಆ ತಪ್ಪು. ಗೊರೂರರ ಹಳ್ಳಿಯ ಚಿತ್ರಗಳೂ, ಕಾರಂತರು 1951ರಲ್ಲಿ ಮಲೆಕುಡಿಯರ ಬಾಳನ್ನು ವಸ್ತುವಾಗಿಟ್ಟುಕೊಂಡು ಬರೆದ ‘ಕುಡಿಯರ ಕೂಸು’ ಕಾದಂಬರಿಯೂ ಇದರೊಡನೆ ಹೋಲಿಕೆಗೆ ಬರುವುದು ಸಹಜವೇ. ಕಾರಂತರು ಬೆಟ್ಟದ ಜನರೊಳಗೆ ಹೋಗಿ ಅವರ ಒಳಗಿನ ಆಸೆಭಯಗಳನ್ನು ಅವರ ಪರವಾಗಿ ನುಡಿದರು. ಕಾದಂಬರಿಕಾರನಿಗೆ ಅದು ಸಲ್ಲುವ ಅಧಿಕಾರ. ಶ್ರೀನಿವಾಸರಿಗೆ ಆ ಅಧಿಕಾರವಿಲ್ಲ. ಕುಳ್ಳೇಗೌಡನು ಮನಸ್ಸಿನಲ್ಲಿ ಏನನ್ನು ನೆನೆದನೆಂದು ಅವರು ಬರೆಯಲಾರರು; ಅವನು ಆಡಿದುದು, ಮಾಡಿದುದು, ಅವನನ್ನು ಕುರಿತು ಇತರರು ಆಡಿದುದು ಇಷ್ಟೇ ಅವರ ಬಂಡವಾಳ. ಕಾದಂಬರಿಯ ಊರು ಕಲ್ಪಿತವಾದರೆ ಯಾರೂ ದೂರುವುದಿಲ್ಲ. ರಾಂಪುರವೆಂಬ ಹೆಸರು ಕಲ್ಪಿತವಾದರೂ ಊರು ನಿಜವಾದುದು. ಅಲ್ಲಿನವರ ಮಕ್ಕಳು ಮೊಮ್ಮಕ್ಕಳು ಓದುಬರಹ ಕಲಿತವರು. ತನ್ನ ಅಜ್ಜನನ್ನು ಹೀಗೆ ಚಿತ್ರಿಸಿದುದು ಸರಿಯೇ ಎಂದು ಅವರಲ್ಲೊಬ್ಬನು ಕೇಳಿದರೆ ಉತ್ತರ ಹೇಳಬೇಕಾದ ಹೊಣೆ ಈ ಬಗೆಯ ಬರವಣಿಗೆಗೆ ಅಂಟಿಕೊಂಡೇ ಬಂದಿದೆ. 1978ರಲ್ಲಿ ಭಾರತೀಯ ಸಮ��ಜಶಾಸ್ತ್ರದ ಪತ್ರಿಕೆಯೊಂದು ಈ ಗ್ರಂಥಕ್ಕಾಗಿಯೇ ಒಂದು ವಿಚಾರಗೋಷ್ಠಿಯನ್ನು ಏರ್ಪಡಿಸಿ ಹಲವು ವಿದ್ವಾಂಸರ ವಿಮರ್ಶೆಗಳನ್ನು ಪ್ರಕಟಿಸಿದುದುಂಟು. ಹಳ್ಳಿಯವರ ವಿಮರ್ಶೆ ಯಾವ ವಿದ್ವತ್ಪತ್ರಿಕೆಗೂ ಸುಲಭವಾಗಿ ಬರುವಂಥದಲ್ಲ. ಪದವಿಯ ತರಗತಿಗೆ ಅದು ಬರಬಲ್ಲುದು, ಏಕೆಂದರೆ ಅಂತಹ ಹಳ್ಳಿಗಳ ಹುಡುಗರೇ ಅಲ್ಲಿ ಓದುತ್ತಿದ್ದಾರೆ.

ಹೀಗಿರುವಲ್ಲಿ ಮೊದಲ ವರ್ಷಕ್ಕೆ ಪರಿಭಾಷೆಗಳ ಕೈಪಿಡಿಯನ್ನು ಕೊಟ್ಟು, ಗ್ರಂಥಗಳನ್ನು ಮೂರನೆಯ ವರ್ಷಕ್ಕೆ ತಳ್ಳುವ ವಾಡಿಕೆಯನ್ನು ಸಮರ್ಥಿಸುವುದು ಕಷ್ಟ. ಕನ್ನಡದಲ್ಲಿ ಇಂತಹ ಕೈಪಿಡಿಗಳು ಸಾಕಷ್ಟಿವೆ. ಒಂದೊಂದು ಇಂಗ್ಲಿಷ್ ಶಬ್ದಕ್ಕೆ ಒಂದೊಂದು ಸಂಸ್ಕೃತ ಸಮಾಸವನ್ನು ಹೊಂದಿಸಿ, ಅದರ ಮುಂದೆ ಪಾಶ್ಚಾತ್ಯ ಪಂಡಿತನೊಬ್ಬನ ಲಕ್ಷಣವಾಕ್ಯವನ್ನು ಇಡುವುದೇ ಅವುಗಳ ಮುಖ್ಯ ಕಾರ್ಯ. ‘ಪಾರಸ್ಪರ್ಯ’ವೆಂಬ ಶಬ್ದವನ್ನು ಕಲಿತವನಿಗೆ ಮುಯ್ಯಿ ನೆನಪಾಗುವುದಿಲ್ಲ, ‘ಶುದ್ಧಾಶುದ್ಧ ಭಾವನೆ’ಯನ್ನು ಬರೆದುಕೊಂಡವನಿಗೆ ಮಡಿ ಮೈಲಿಗೆ ನೆನಪಾಗುವುದಿಲ್ಲ. ಕೊಡಗರನ್ನು ಕುರಿತ ಗ್ರಂಥದಲ್ಲಿ ಮಡಿ, ಪೊಲೆ ಎಂಬ ದೇಶಪದಗಳನ್ನು ಶ್ರೀನಿವಾಸರು ಇಂಗ್ಲಿಷಿನೊಳಗೂ ಉಳಿಸಿಕೊಂಡರು. ಇಂಗ್ಲಿಷಿನವನು ಇಟ್ಟುಕೊಂಡ ಪದವನ್ನು ಕನ್ನಡದವನು ಕಳೆದುಕೊಳ್ಳಬೇಕಾದುದಿಲ್ಲ. ಮೊದಲ ಅರ್ಧವರ್ಷದಲ್ಲಿ ರಾಂಪುರದ ಎರಡು ಪ್ರಕರಣಗಳು, ಅದೇ ಜನರನ್ನು ಕುರಿತು ನಂಜುಂಡಯ್ಯ–ಅಯ್ಯರವರ ಸಂಪುಟದಲ್ಲಿರುವ ಒಕ್ಕಲಿಗರ ಪ್ರಕರಣ, ಅಝಾಂಡೆಯ ಕಣಜ, ಇಷ್ಟು ಸಾಕು. ಸಂಪುಟದ ಪ್ರಕರಣವನ್ನು ಹಿಡಿದುಕೊಂಡು ವಿದ್ಯಾರ್ಥಿಯು ತನ್ನ ಊರಿಗೆ ಹೋಗಿ, ಅಲ್ಲಿ ಅಚ್ಚಾಗಿರುವ ಒಂದು ಮದುವೆಯ ಶಾಸ್ತ್ರವನ್ನಾದರೂ ಹಿರಿಯರಿಬ್ಬರಿಂದ ಪ್ರತ್ಯೇಕವಾಗಿ ಕೇಳಿಕೊಂಡು ಬರಲಿ. ಒಬ್ಬರು ಪುಸ್ತಕದಲ್ಲಿದ್ದುದನ್ನು ಒಪ್ಪಿ, ಇನ್ನೊಬ್ಬರು ಅಲ್ಲಗಳೆದು, ಇಬ್ಬರೂ ಅವನನ್ನು, ‘ಇದನ್ನೆಲ್ಲ ಯಾರಿಗೆ ಬರೆದುಕೊಡುತ್ತೀಯೆ?’ ಎಂದು ಕೇಳಿದರೆ, ಆ ಪ್ರಶ್ನೆಯನ್ನೂ ಅವನು ಟಿಪ್ಪಣಿಯಲ್ಲಿ ಸೇರಿಸಿಕೊಂಡು ಬರತಕ್ಕುದು.